ಒಂದು ಕೋಳಿಯ ಲೆಕ್ಕ

ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಶೇಕಡಾ ಲೆಕ್ಕ ಹೇಳಿಕೊಡುತ್ತಾ ಬಂದವಳು ನಾನು. ಹಾಗಿದ್ದೂ ಒಂದು ಕೋಳಿಯ ಲೆಕ್ಕದಲ್ಲಿ ಎಡವಿದೆ.

ಅಂದು ಭಾನುವಾರ. ತಮ್ಮನ ಸಂಸಾರ ಊಟಕ್ಕೆ ಬರುವುದಿತ್ತು. ಬೀದಿ ಕೊನೆಯ ಅಂಗಡಿಯಲ್ಲಿ 2 ಕಿಲೋ 200 ಗ್ರಾಂ ತೂಗುವ ಫಾರಂ ಕೋಳಿ ಆರಿಸಿ, ಜೀವಂತ ತೂಕಕ್ಕೆ ದುಡ್ಡು ಕೊಟ್ಟು, ಚರ್ಮ ಸುಲಿಸಿ ತಂದೆ. ಮನೆಯಲ್ಲಿ ತೂಗಿದರೆ 1 ಕಿಲೋ 430 ಗ್ರಾಂ! ಉಳಿದ 770 ಗ್ರಾಂ ಎಲ್ಲಿ ಹೋಯಿತು?

ಚೀಲ ಹಿಡಿದುಕೊಂಡೇ ವಾಪಸು ಹೋದೆ. ನಾಲ್ಕು ಜನರೆದುರಿಗೆ, "ತೂಕದಲ್ಲಿ ಹೀಗೆ ಹೊಡೆದರೆ ಹೇಗಪ್ಪಾ?" ಎಂದುಬಿಟ್ಟೆ.

"ನಿಮ್ಮ ಕಣ್ಣೆದುರಿಗೇ ಕೊಯ್ದನಲ್ಲ ಟೀಚರಮ್ಮ" ಎಂದನೇ ಹೊರತು ಆತ ಬೇರೇನೂ ಹೇಳಲಿಲ್ಲ. ಪಕ್ಕದಲ್ಲಿ ಪುಕ್ಕ ಗುಡಿಸುತ್ತಿದ್ದವನು ಅವನ ಮಗ, ನನ್ನದೇ ಏಳನೇ ತರಗತಿಯ ಹುಡುಗ. ಅವನು ತಲೆ ಎತ್ತಲಿಲ್ಲ.

ಮಂಗಳವಾರ ಆ ಹುಡುಗ ಲೆಕ್ಕದ ಪುಸ್ತಕದ ಕೊನೆಯ ಹಾಳೆ ತೆರೆದು ನನ್ನ ಮೇಜಿನ ಮೇಲಿಟ್ಟ. ಅಷ್ಟೇ ತೂಕದ ಕೋಳಿಯೊಂದನ್ನು ಅಪ್ಪ ಕೊಯ್ಯುವಾಗ, ಕಳೆಯುವುದನ್ನೆಲ್ಲ ಒಂದೊಂದಾಗಿ ತೂಗಿ ಬರೆದಿದ್ದ. ರಕ್ತ 80 ಗ್ರಾಂ, ಪುಕ್ಕ 140, ತಲೆ ಮತ್ತು ಕಾಲು 140, ಕರುಳು ಮೊದಲಾದ ಒಳಗಿನ ಕಸ 210, ಕೊಬ್ಬು ಸೇರಿ ಚರ್ಮ 190. ಒಟ್ಟು 760.

"ನಿಮ್ಮದಕ್ಕೂ ಇದಕ್ಕೂ 10 ಗ್ರಾಂ ವ್ಯತ್ಯಾಸ, ಮಿಸ್."

ಕಾಗದದ ಮೇಲೆ ಗುಣಿಸಿ ನೋಡಿದೆ. ನನಗೆ ಸಿಕ್ಕಿದ್ದು ಸರಿಯಾಗಿ ನೂರಕ್ಕೆ 65. ಅದರಲ್ಲೂ ಮೂರನೇ ಒಂದು ಪಾಲು ಮೂಳೆ. ಹಲ್ಲಿಗೆ ಸಿಗುವ ಬಾಡು 1 ಕಿಲೋ ಕೂಡ ಆಗದು. ನಾಟಿ ಕೋಳಿಯಾದರೆ ಇನ್ನೂ ಕಡಿಮೆ. ನಮ್ಮವ್ವ ತಕ್ಕಡಿಯನ್ನೇ ನೆಚ್ಚುತ್ತಿರಲಿಲ್ಲ. ಕೋಳಿಯ ಎದೆ ಒತ್ತಿ ನೋಡಿ, ಮೂಳೆ ಬೆರಳಿಗೆ ಚುಚ್ಚಿದರೆ ಬೇಡವೆಂದು ಬುಟ್ಟಿಗೇ ಬಿಡುತ್ತಿದ್ದಳು. ಬಿ.ಎ., ಬಿ.ಎಡ್. ಓದಿದ ಮಗಳಿಗೆ ಅಷ್ಟೂ ತಿಳಿಯಲಿಲ್ಲ.

ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದೆ.

"ಅಪ್ಪಂಗೆ ತೋರಿಸಲಾ ಮಿಸ್?" ಎಂದ.

"ಬೇಡ, ನಾನೇ ಬರುತ್ತೇನೆ" ಎಂದೆ.

ಅಂದೇ ಸಂಜೆ ಹೋಗಬಹುದಿತ್ತು. ಆ ಹೊತ್ತಿನಲ್ಲಿ ಅಂಗಡಿ ಖಾಲಿ. ಆದರೆ ಮಾತು ಆಡಿದ್ದು ಜನರೆದುರಿಗೆ. ಭಾನುವಾರ ಹತ್ತು ಗಂಟೆಗೆ, ಜನ ತುಂಬಿರುವಾಗಲೇ ಹೋಗಿ ನಿಂತೆ. "ಅವತ್ತು ತಪ್ಪು ನನ್ನದಪ್ಪಾ, ನಿನ್ನ ತಕ್ಕಡಿ ಸರಿಯಾಗಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಹೋಗ್ಲಿ ಬಿಡಿ ಟೀಚರಮ್ಮ, ಎಷ್ಟು ಕೊಡ್ಲಿ?" ಎಂದ ಆತ, ಮುಖ ನೋಡದೆ.

ಹುಡುಗ ಪೊರಕೆ ಹಿಡಿದು ನಿಂತಿದ್ದ. ಈ ಸಲ ತಲೆ ಎತ್ತಿ ನೋಡಿದ.

ಮನೆಗೆ ಬಂದು ತೂಗಲಿಲ್ಲ.