ಕಾಣದ ಬೆನ್ನು, ಮುಟ್ಟದ ಕೈ

ತನ್ನ ಬೆನ್ನನ್ನು ತಾನೇ ನೇರವಾಗಿ ಕಂಡ ಮನುಷ್ಯನಿಲ್ಲ. ಅದಕ್ಕೇ ಇರಬೇಕು, ನಾವು ಅದನ್ನು ಪರರ ಪಾಲಿಗೆ ಬಿಟ್ಟಿದ್ದೇವೆ. ಮೆಚ್ಚಿದವರು ಬೆನ್ನು ತಟ್ಟುತ್ತಾರೆ, ಸಾಲ ಕೊಟ್ಟವರು ಬೆನ್ನು ಹತ್ತುತ್ತಾರೆ, ದೀಪಾವಳಿಯ ದಿನ ಮನೆಯ ಹಿರಿಯರು ಎಣ್ಣೆ ತಿಕ್ಕುತ್ತಾರೆ. ಅದು ನಮ್ಮ ಸ್ವಂತ ಆಸ್ತಿಯೆಂದು ತಿಳಿಯುವುದು ಮುನಿಸಿಕೊಂಡಾಗಲೇ.

ನನ್ನದು ಮುನಿಸಿಕೊಂಡದ್ದು ಅಕ್ಕಿಯ ಮೂಟೆ ಎತ್ತುವಾಗ. ಸೊಂಟದಲ್ಲಿ ಛಳಕ್ಕೆಂದ ನೋವು ಮೀನಖಂಡದವರೆಗೆ ಇಳಿಯಿತು. ವೈದ್ಯರು ಕಾಲಿನ ಬಲ ಕುಂದಿಲ್ಲ, ಮೂತ್ರಕ್ಕೆ ತೊಂದರೆಯಿಲ್ಲ ಎಂಬುದನ್ನು ನೋಡಿಕೊಂಡು, ವ್ಯಾಯಾಮ ಚಿಕಿತ್ಸೆಗೆ ಬರೆದುಕೊಟ್ಟರು. ಬೆಂಗಳೂರಿನ ಗುಂಡಿಗಳನ್ನು ಆಟೋದಲ್ಲಿ ದಾಟಿ ಬೆನ್ನುನೋವಿಗೆ ಔಷಧ ತರುವುದು ಎಲ್ಲಿ ಬಂತು? ಕಡೆಗೆ ಚಿಕಿತ್ಸೆಯೇ ಮೊಬೈಲಿನೊಳಗೆ ಕುಳಿತು ಮನೆಗೆ ಬಂದಿತು. 2020ರಲ್ಲಿ ಕೊರೋನಾ ಮನೆಮನೆಯ ಬಾಗಿಲು ಹಾಕಿಸಿದ ಮೇಲೆ ಹೆಚ್ಚು ಬಳಕೆಗೆ ಬಂದ ಕ್ರಮವಿದು.

ಹಿತ್ತಾಳೆಯ ಸೇರಿಗೆ ಫೋನು ಒರಗಿಸಿ ಚಾಪೆ ಹಾಸಿದೆ. ಪರದೆಯಲ್ಲಿ ಮೂಡಿದ ಹುಡುಗಿ ಮೊದಲ ದಿನವೇ ಹೇಳಿದಳು: “ನನ್ನ ಕೈ ಅಲ್ಲಿಗೆ ಬರುವುದಿಲ್ಲ. ನಿಮ್ಮ ಕೈಯನ್ನೇ ಇಟ್ಟು, ಎಲ್ಲಿ ಬಿಗಿದಿದೆ ಹೇಳಿ.” ಅಷ್ಟು ವರ್ಷ ಹೊತ್ತು ತಿರುಗಿದ ಸೊಂಟದ ವಿಷಯದಲ್ಲಿ ನನಗೆ ಹೇಳಲು ಮಾತೇ ಇರಲಿಲ್ಲ!

ಬಂಧುಗಳದು ಒಂದೇ ಸಲಹೆ: ತಿಂಗಳು ಮಲಗಿಬಿಡು. ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಈಗಿನ ತಿಳಿವಳಿಕೆ ಬೇರೆ. ಮಲಗಿದಷ್ಟೂ ಸ್ನಾಯು ಸಡಿಲವಾಗುತ್ತದೆ; ಸಾಧಾರಣ ಬೆನ್ನುನೋವು ಹಿತಮಿತವಾಗಿ ಓಡಾಡುವವರಲ್ಲಿ ಬಹುಮಟ್ಟಿಗೆ ಕೆಲವು ವಾರಗಳಲ್ಲೇ ಇಳಿಯುತ್ತದೆ. ಆದರೆ ನನ್ನ ಹೆದರಿಕೆ ನೋವಿಗಿಂತ ಬಾಗುವುದಕ್ಕೇ ಹೆಚ್ಚು. ಕೆಳಗೆ ಬಿದ್ದ ಪತ್ರಿಕೆಯನ್ನೆತ್ತಲು ಇನ್ನೊಬ್ಬರನ್ನು ಕರೆಯಬೇಕಾದವನು ತನ್ನ ಮನೆಯಲ್ಲೇ ಅತಿಥಿ.

ಆಕೆ ನನ್ನನ್ನು ಬೋರಲು ಮಲಗಿಸಿ, ಮೊಣಕೈ ಊರಿ ಎದೆಯೆತ್ತಿಸಿದಳು. “ನೋವು ಕಾಲಿಗಿಳಿದರೆ ನಿಲ್ಲಿಸಿ, ಕಾಲು ಬಿಟ್ಟು ಸೊಂಟಕ್ಕೇ ಬಂದರೆ ಒಳ್ಳೆಯ ಲಕ್ಷಣ” ಎಂದಳು. ಈ ಸೂತ್ರದ ಹಿಂದೊಂದು ಕಥೆಯುಂಟು. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಎಂಬ ಚಿಕಿತ್ಸಕರ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿದ್ದ ಮೇಜಿನ ಮೇಲೆ ಬೋರಲು ಮಲಗಿ ಕಾದಿದ್ದನಂತೆ. ತಡವಾಗಿ ಬಂದ ಮೆಕೆಂಜಿ ಆ ಭಂಗಿ ಕಂಡು ಗಾಬರಿಯಾದರು. ರೋಗಿಯೋ, ಕಾಲುನೋವೇ ಹೋಯಿತೆಂದ. ಎಲ್ಲ ಬೆನ್ನಿಗೂ ಈ ಭಂಗಿ ಒಗ್ಗದು, ನಿಜ. ನನಗೆ ಹಿಡಿಸಿದ್ದು, ಗುಣ ಕಂಡಾಗ ಚಿಕಿತ್ಸಕರು ಕೋಣೆಯಲ್ಲೇ ಇರಲಿಲ್ಲವೆಂಬುದು.

ನುರಿತ ಕೈಯ ಬಿಸುಪನ್ನು ಪರದೆ ಕೊಡಲಾರದು. ಆದರೆ ಆ ಕೈ ಇಲ್ಲದ ಕಡೆ ನಮ್ಮ ಕೈ ಕಲಿಯಲೇಬೇಕಾಗುತ್ತದೆ.

ಐದನೆಯ ವಾರ, ನಿಂತು ಬಾಗುವ ಅಭ್ಯಾಸ. ಆಕೆ ಎಣಿಸುತ್ತಿದ್ದಳು. ‘ಆರು’ ಎನ್ನುವಾಗ ಸಂಪರ್ಕ ಕಡಿದುಹೋಯಿತು. ಮನೆಯಲ್ಲಿ ಯಾರೂ ಇರಲಿಲ್ಲ. ಏಳು, ಎಂಟು, ಒಂಬತ್ತು, ಹತ್ತು ಎಂದು ನಾನೇ ಎಣಿಸಿದೆ.