‘ಕಂಪನಿ’ ಎಂಬ ಶಬ್ದದೊಳಗಿನ ರೊಟ್ಟಿ

ಮೊನ್ನೆ ಮೊಮ್ಮಗನು ಇಂಗ್ಲಿಷ್ ಪಾಠವನ್ನು ಓದುತ್ತ, “ಅಜ್ಜಾ, ವ್ಯಾಪಾರದ ಸಂಸ್ಥೆಯೂ ಕಂಪನಿ, ಸೈನ್ಯದ ತುಕಡಿಯೂ ಕಂಪನಿ, ಒಬ್ಬರಿಗೊಬ್ಬರು ಜೊತೆಯಾಗುವುದೂ ಕಂಪನಿ. ಒಂದೇ ಶಬ್ದಕ್ಕೆ ಇಷ್ಟು ಅರ್ಥಗಳೇಕೆ?” ಎಂದು ಕೇಳಿದನು. ಮೂವತ್ತು ವರ್ಷ ಕಂಪನಿಯೊಂದರಲ್ಲಿ ದುಡಿದ ನನಗೆ ಉತ್ತರ ತಿಳಿದಿರಲಿಲ್ಲ. ನಿಘಂಟನ್ನು ತೆರೆದೆನು.

ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ‘ಕಮ್’ ಎಂದರೆ ಕೂಡಿ. ‘ಪಾನಿಸ್’ ಎಂದರೆ ರೊಟ್ಟಿ. ಇವೆರಡೂ ಸೇರಿ ‘ಕಂಪಾನಿಯೋ’ ಎಂದಾಯಿತು. ಅರ್ಥಾತ್, ಜೊತೆಗೆ ಕುಳಿತು ರೊಟ್ಟಿ ಉಣ್ಣುವವನು. ಪ್ರಾಚೀನ ಗೋಥಿಕ್ ಭಾಷೆಯಲ್ಲಿಯೂ ಸಂಗಾತಿಗೆ ಇದೇ ಬಗೆಯಲ್ಲಿ ಕಟ್ಟಿದ ‘ಗಹ್ಲೈಬ’ ಎಂಬ ಶಬ್ದವಿತ್ತು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ‘ಕಂಪನಿ’ಗೆ ಮೊದಲು ಸಹವಾಸ, ಸಂಗಾತಿಗಳ ಗುಂಪು ಎಂಬ ಅರ್ಥಗಳಿದ್ದವು. ಸೈನಿಕರ ತುಕಡಿ, ವರ್ತಕರ ಕೂಟ ಎಂಬವು ತರುವಾಯ ಬಂದವು.

1600ರಲ್ಲಿ ರಾಣಿ ಎಲಿಜಬೆತ್ತಳಿಂದ ಸನ್ನದು ಪಡೆದ ವರ್ತಕರ ಕೂಟವೇ ಈಸ್ಟ್ ಇಂಡಿಯಾ ಕಂಪನಿ. ಕೂಡಿ ಉಣ್ಣುವ ಹೆಸರನ್ನು ಹೊತ್ತು ಬಂದವರು ಪರರ ತಟ್ಟೆಗೇ ಕೈ ಹಾಕಿದರು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನು ಎದುರಿಸಿದುದು ಈ ಕಂಪನಿಯನ್ನೇ. ನಮ್ಮ ಜನರಾದರೋ ಅದೇ ಶಬ್ದವನ್ನು ತಮ್ಮದನ್ನಾಗಿಸಿಕೊಂಡು ಬೇರೊಂದು ಬಾಳ್ವೆ ಕೊಟ್ಟರು. 1884ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಜನರ ಬಾಯಲ್ಲಿ ‘ಗುಬ್ಬಿ ಕಂಪನಿ’ಯಾಯಿತು.

ಇಷ್ಟನ್ನು ಮೊಮ್ಮಗನಿಗೆ ಹೇಳಿದೆನು. ಹೇಳದೆ ಉಳಿಸಿಕೊಂಡುದು ಒಂದಿದೆ.

ಶ್ರೀಮಠದ ಪ್ರಸಾದ ನಿಲಯದಲ್ಲಿ ಐದು ವರ್ಷ ನನ್ನ ಪಕ್ಕದಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸಿದ ಗೆಳೆಯನೊಬ್ಬನಿದ್ದನು. ನನಗೆ ಜ್ವರ ಬಂದಾಗ ತನ್ನ ಪಾಲಿನ ಮಜ್ಜಿಗೆಯನ್ನೂ ನನಗೇ ಕೊಟ್ಟವನು ಅವನು. ಮುಂದೆ ನಾನು ಅಧಿಕಾರಿಯಾಗಿದ್ದಾಗ, ಮಗನಿಗೊಂದು ಉದ್ಯೋಗ ದೊರಕೀತೇ ಎಂದು ಕೇಳಲು ಬಂದನು. ಅವನನ್ನು ಎರಡು ತಾಸು ಹೊರಗಿನ ಬೆಂಚಿನ ಮೇಲೆ ಕೂರಿಸಿದೆನು. ಬಳಿಕ ಒಳಗೆ ಕರೆದು, ನಿಯಮಗಳನ್ನು ವಿವರಿಸಿ ಕಳುಹಿಸಿದೆನು. ಉದ್ಯೋಗ ಕೊಡುವುದು ನನ್ನ ಕೈಯಲ್ಲಿರಲಿಲ್ಲ, ನಿಜ. ಆದರೆ ಆಗ ಮಧ್ಯಾಹ್ನದ ಹೊತ್ತು. “ಊಟ ಮಾಡಿಕೊಂಡು ಹೋಗು” ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಮಾತನ್ನು ನಾನು ಆಡಲಿಲ್ಲ.

ದಾಸೋಹದ ಪಂಕ್ತಿಯಲ್ಲಿ ಪೂಜ್ಯರು ಎಳವೆಯಲ್ಲಿಯೇ ಕಲಿಸಿದುದನ್ನು ನೆನಪಿಸಲು ಮುಪ್ಪಿನಲ್ಲಿ ಲ್ಯಾಟಿನ್ ಶಬ್ದವೊಂದು ಬರಬೇಕಾಯಿತು. ಕಂಪನಿಯಲ್ಲಿ ಅಷ್ಟು ವರ್ಷ ಇದ್ದೂ ನಾನು ಆ ಶಬ್ದದ ಹೊರಗೇ ಉಳಿದಿದ್ದೆನು.

ಅಂದು ರಾತ್ರಿಯೇ ಗೆಳೆಯನಿಗೆ ಕಾಗದ ಬರೆದೆನು. ಬರುವ ಜಾತ್ರೆಯ ದಾಸೋಹದಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುವೆಯಾ ಎಂದು ಕೇಳಿದ್ದೇನೆ. ಉತ್ತರವಿನ್ನೂ ಬಂದಿಲ್ಲ. ಬಾರದಿದ್ದರೆ ಅವನ ಊರಿಗೆ ನಾನೇ ಹೋಗಿ, ಅವನ ಮನೆಯ ರೊಟ್ಟಿಯನ್ನು ಕೇಳಿ ಉಂಡು ಬರುವೆನು.