ಕೆಂಬೇರಿಯ ಎರಡು ಮನೆ

ಕುರಸಾವ್ ದ್ವೀಪ

ಪ್ರೀತಿಯ ಮಾವ,

ಫೋನಿನಲ್ಲಿ ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಹೇಳುವಷ್ಟರಲ್ಲಿ ಲೈನು ಕಡಿದುಹೋಯಿತು. ಮತ್ತೆ ಮಾಡಿದರೆ ಅತ್ತೆಯೇ ಎತ್ತಿ, ಊಟ ಆಯಿತಾ, ಅಲ್ಲಿ ಕುಚ್ಚಲಕ್ಕಿ ಸಿಗುತ್ತದಾ ಎಂದು ಶುರುಮಾಡಿದರು. ಕೆಂಬೇರಿ ಮೀನಿನ ವಿಚಾರ ಅಲ್ಲಿಗೇ ನಿಂತಿತು. ಕಾಗದದಲ್ಲಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮದೂ ನಿಮ್ಮ ದೋಸ್ತಿಯದೂ ಜಗಳ ಹಳೆಯದು. "ಅದ್ ಹೊಳಿ ಮೀನೇ ಮಾರಾಯ್ತಿ, ಕಾಂಡ್ಲಾ ಬುಡದಗೇ ಹುಟ್ಟಿ ಬೆಳೂದ್" ಎನ್ನುತ್ತೀರಿ ನೀವು. ಅವರು ಗಂಗೊಳ್ಳಿಯಿಂದ ಬೋಟಿಗೆ ಹೋಗುವವರು, ಹೊರಗಡಲಿನ ಕಲ್ಲಿನ ಮೇಲೆ ಗಾಳ ಇಳಿಸಿ ತೋಳುದ್ದದ ಕೆಂಬೇರಿ ಎತ್ತಿದವರು. ಅವರ ಲೆಕ್ಕದಲ್ಲಿ ಅದು ಅಪ್ಪಟ ಸಮುದ್ರದ ಮೀನು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತೀರಿ. ಆದರೆ ಮಾವ, ಹುಟ್ಟುವುದು ಮಾತ್ರ ಹೊಳೆಯಲ್ಲಲ್ಲ. ದೊಡ್ಡ ಕೆಂಬೇರಿ ಮೊಟ್ಟೆ ಬಿಡುವುದು ದಡದಿಂದ ದೂರ, ಕಡಲಿನಲ್ಲಿ. ಮೊಟ್ಟೆ ತೇಲುತ್ತದೆ. ಒಡೆದು ಬಂದ ಮರಿ ನೀರಿನ ಸೆಳೆತಕ್ಕೆ ಸಿಕ್ಕಿ ವಾರಗಟ್ಟಲೆ ಅಲೆದು, ಕೊನೆಗೆ ಅಳಿವೆ ಹೊಕ್ಕು ಕಾಂಡ್ಲಾ ಮರದ (ಇಂಗ್ಲಿಷಿನವರ ಮ್ಯಾಂಗ್ರೋವ್) ಬೇರಿನ ನಡುವೆ ನೆಲೆಯಾಗುತ್ತದೆ. ಅಲ್ಲಿ ಚಟ್ಲಿ, ಏಡಿಮರಿ ತಿಂದು ಕೆಲವು ವರ್ಷ ಕಳೆಯುತ್ತದೆ. ಒಮ್ಮೊಮ್ಮೆ ಸಿಹಿನೀರಿನ ತನಕವೂ ಏರುತ್ತದೆ. ಮೈ ತುಂಬಿ ಮೊಟ್ಟೆಗೆ ಬರುವ ಕಾಲಕ್ಕೆ ಅಳಿವೆ ದಾಟಿ ಹೊರಗಿನ ಕಲ್ಲು, ಹವಳದ ಜಾಗಕ್ಕೆ ಹೋಗುತ್ತದೆ. ನೂರು ಮೀಟರಿಗೂ ಕೆಳಗೆ ಇಳಿಯುತ್ತದೆ, ಮೂವತ್ತು ವರ್ಷ ದಾಟಿಯೂ ಬದುಕುತ್ತದೆ. ನಿಮ್ಮ ಬಲೆಗೆ ಬೀಳುವುದು ಶಾಲೆಗೆ ಹೋಗುವ ಹುಡುಗ, ಅವರ ಗಾಳ ಕಚ್ಚುವುದು ಮೊಮ್ಮಕ್ಕಳನ್ನು ಕಂಡ ಅಜ್ಜ. ಮೀನು ಒಂದೇ.

ನಾನಿಲ್ಲಿ ದಿನವೂ ನೋಡುವುದು ಇಂಥದ್ದೇ ಎರಡು ಮನೆಯ ಸಂಸಾರವನ್ನು. ಕುರಸಾವ್ ಎಂದರೆ ವೆನೆಜುವೆಲಾದ ಉತ್ತರಕ್ಕೆ, ಕೆರಿಬಿಯನ್ ಕಡಲಿನ ಒಂದು ಒಣ ದ್ವೀಪ. ನೀವು ಬಂದರೆ ನಗುತ್ತೀರಿ. ದಾರಿಯುದ್ದಕ್ಕೂ ಪಾಪಾಸುಕಳ್ಳಿ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಆದರೂ ಕಾಂಡ್ಲಾ ಇದೆ, ನಮ್ಮೂರಿನದೇ ಕುಲದ್ದು, ಕಮಾನು ಕಮಾನಾಗಿ ಬೇರು ಇಳಿಬಿಟ್ಟದ್ದು. ನಿಂತಿರುವುದು ಮಾತ್ರ ತಿಳಿಯಾದ ಉಪ್ಪುನೀರಿನ ಕೊಲ್ಲಿಗಳಲ್ಲಿ. ಪಂಚಗಂಗಾವಳಿಯ ಕೆಸರುನೀರಿನಲ್ಲಿ ಮೊಣಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಇಲ್ಲಿಯ ಸ್ಪಾನ್ಸೆ ವಾಟರ್ ಎಂಬ ಕೊಲ್ಲಿಯಲ್ಲಿ ನೀರುಗನ್ನಡಕ ಹಾಕಿ ಮುಖ ಅದ್ದಿದರೆ ಸಾಕು, ಬೇರಿನ ಸಂದುಗೊಂದಿನ ಬದುಕೆಲ್ಲ ಎದುರಿಗೇ ಇರುತ್ತದೆ. ಬೆರಳುದ್ದದ ಬರಾಕುಡಾ ಮರಿಗಳಿವೆ, ಕೆಂಬೇರಿಯ ದಾಯಾದಿಗಳೂ ಇವೆ. ಆ ದಾಯಾದಿಗಳಲ್ಲಿ ಹಳದಿ ರೆಕ್ಕೆಯ ಒಂದಕ್ಕೆ ಇಂಗ್ಲಿಷಿನವರು ಸ್ಕೂಲ್‌ಮಾಸ್ಟರ್ ಎಂದೇ ಹೆಸರಿಟ್ಟಿದ್ದಾರೆ. ಹಗಲೆಲ್ಲ ಬೇರಿನ ನೆರಳಲ್ಲಿ ಸುಮ್ಮನೆ ನಿಂತಿರುತ್ತದೆ, ಯಾರಿಗೂ ಪಾಠ ಹೇಳಿದ್ದನ್ನು ನಾನು ನೋಡಿಲ್ಲ.

ಬೇರಿನಲ್ಲಿ ಅಂಥದ್ದೇನಿದೆ ಎಂದು ಇದೇ ಕೊಲ್ಲಿಯಲ್ಲಿ ಪರೀಕ್ಷೆ ಮಾಡಿದವರಿದ್ದಾರೆ. ಕೃತಕ ಬೇರು ನೆಟ್ಟು, ಒಂದು ಕಡೆ ನೆರಳು ಕೊಟ್ಟು, ಒಂದು ಕಡೆ ಕೊಡದೆ, ಒಂದರಲ್ಲಿ ತಿನ್ನಲು ಬಿಟ್ಟು, ಇನ್ನೊಂದರಲ್ಲಿ ಬಿಡದೆ, ಯಾವ ಮರಿ ಎಲ್ಲಿಗೆ ಬರುತ್ತದೆ ಎಂದು ಎಣಿಸಿದರು. ಎಲ್ಲ ಮೀನಿಗೂ ಒಂದೇ ಆಸೆಯಲ್ಲ. ಕೆಲವಕ್ಕೆ ನೆರಳು ಬೇಕು, ಕೆಲವಕ್ಕೆ ನುಸುಳಲು ಸಂದು, ಕೆಲವಕ್ಕೆ ಬೇರಿಗೆ ಅಂಟಿದ ಪಾಚಿ. ಬಲೆ ಎಲ್ಲಿ ಬೀಸಬೇಕು ಎಂದು ಬಲ್ಲ ನಿಮಗೆ ಇದು ಹೊಸತೇನಲ್ಲ.

ನಿಮಗೆ ನಿಜಕ್ಕೂ ಹೇಳಬೇಕಾದದ್ದು ಗ್ರಂಟ್ ಎಂಬ ಮೀನಿನ ವಿಷಯ. ಗಂಟಲ ಹಲ್ಲು ಮಸೆದು ಗುರುಗುಡುತ್ತದೆ, ಅದರಿಂದ ಆ ಹೆಸರು. ಹಗಲೆಲ್ಲ ಹವಳದ ಪಕ್ಕದಲ್ಲಿ ಗುಂಪಾಗಿ ನಿಂತಿರುವ ಮರಿಗಳು ಹೊತ್ತು ಮುಳುಗುತ್ತಿದ್ದಂತೆ ಸಾಲುಗಟ್ಟಿ ಹೊರಡುತ್ತವೆ. ದಿನಾ ಅದೇ ದಾರಿ. ಕಡಲಹುಲ್ಲಿನ ಬಯಲು ಮುಟ್ಟಿದ ಮೇಲೆ ಚದುರಿ ರಾತ್ರಿಯೆಲ್ಲ ಸಣ್ಣ ಹುಳ, ಏಡಿ ಹೆಕ್ಕುತ್ತವೆ. ಬೆಳಗಿನ ಜಾವಕ್ಕೆ ಅದೇ ದಾರಿಯಲ್ಲಿ ವಾಪಸು. ಸೇಂಟ್ ಕ್ರಾಯ್ ದ್ವೀಪದಲ್ಲಿ ಹೆಲ್ಫ್‌ಮನ್ ಮತ್ತು ಶುಲ್ಟ್ಸ್ ಎಂಬಿಬ್ಬರು ಒಂದು ಗುಂಪಿನ ಮರಿಗಳನ್ನು ಹಿಡಿದು ಇನ್ನೊಂದು ಗುಂಪಿನೊಳಗೆ ಬಿಟ್ಟರು. ಹೊಸಬರು ಹಳಬರ ಹಿಂದೆ ಹೋಗಿ ದಾರಿ ಕಲಿತರು. ಆಮೇಲೆ ಹಳಬರನ್ನೆಲ್ಲ ತೆಗೆದರೂ ಹೊಸಬರು ಅದೇ ದಾರಿ ಹಿಡಿದರು. 1984ರಲ್ಲಿ ಅವರು ಇದನ್ನು ಬರೆದಾಗ, ಮೀನಿಗೂ ಹಿರಿಯರಿಂದ ಕಿರಿಯರಿಗೆ ದಾಟಿಬರುವ ತಿಳಿವಳಿಕೆ ಇದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿತು. ಅದಕ್ಕೂ ಒಂದು ವರ್ಷ ಮುಂಚೆ ಜೂಡಿ ಮೇಯರ್ ಎಂಬವರ ಜೊತೆ ಸೇರಿ ಇವರಿಬ್ಬರು ಇನ್ನೊಂದನ್ನು ಕಂಡಿದ್ದರು: ಹುಲ್ಲುಬಯಲಲ್ಲಿ ತಿಂದು ಬಂದ ಮೀನು ಹಗಲು ಹವಳದ ಮೇಲೆ ನಿಂತು ವಿಸರ್ಜಿಸಿದ್ದೇ ಹವಳಕ್ಕೆ ಗೊಬ್ಬರ. ಗ್ರಂಟ್ ಗುಂಪು ತಂಗುವ ಹವಳ, ತಂಗದ ಹವಳಕ್ಕಿಂತ ಬೇಗ ಬೆಳೆಯುತ್ತದೆ. ಅತ್ತೆಗೆ ಇದನ್ನು ಓದಿ ಹೇಳುವಾಗ ಊಟದ ಹೊತ್ತಲ್ಲದಂತೆ ನೋಡಿಕೊಳ್ಳಿ.

ಹಾಗಿದ್ದರೆ ಕಾಂಡ್ಲಾ ಇಲ್ಲದಿದ್ದರೆ ಏನಾಗುತ್ತದೆ? ನೆದರ್ಲೆಂಡ್ಸಿನ ನಾಗೆಲ್‌ಕೆರ್ಕೆನ್ ತಂಡ ಕಾಂಡ್ಲಾ, ಕಡಲಹುಲ್ಲು ಇರುವ ದ್ವೀಪಗಳನ್ನೂ ಇಲ್ಲದ ದ್ವೀಪಗಳನ್ನೂ ಹೋಲಿಸಿ 2002ರಲ್ಲಿ ಬರೆಯಿತು. ಮರಿಯಾಗಿದ್ದಾಗ ಕಾಂಡ್ಲಾ, ಕಡಲಹುಲ್ಲಿನಲ್ಲಿ ಬೆಳೆಯುವ 17 ಜಾತಿಗಳಲ್ಲಿ 11 ಜಾತಿ, ಅವೆರಡೂ ಇಲ್ಲದ ದ್ವೀಪಗಳ ಹವಳದಲ್ಲಿ ಸಿಗಲೇ ಇಲ್ಲ, ಇಲ್ಲವೇ ತೀರಾ ಕಡಿಮೆ ಇದ್ದವು. ಎರಡು ವರ್ಷದ ಮೇಲೆ ಪೀಟರ್ ಮಂಬಿ ಮತ್ತು ಜೊತೆಗಾರರು ಬೆಲೀಜ್, ಮೆಕ್ಸಿಕೊ ಕಡೆಯ ಹವಳದಿಬ್ಬಗಳನ್ನು ನೋಡಿದರು. ಸಮೀಪದಲ್ಲಿ ಸಮೃದ್ಧ ಕಾಂಡ್ಲಾ ಇದ್ದಲ್ಲಿ, ಮಾರಾಟಕ್ಕೆ ಬರುವ ಹಲವು ಮೀನುಗಳ ಒಟ್ಟು ತೂಕ ಎರಡು ಪಟ್ಟಿಗೂ ಹೆಚ್ಚು. ಅದಕ್ಕಿಂತ ನನಗೆ ಚುಚ್ಚಿದ್ದು ಒಂದು ಗಿಳಿಮೀನಿನ ಕಥೆ. ಅಟ್ಲಾಂಟಿಕ್ ಕಡಲಿನಲ್ಲಿ ಪಾಚಿ ಮೇಯುವ ಮೀನುಗಳಲ್ಲೆಲ್ಲ ದೊಡ್ಡದು ಅದು, ಮೀಟರಿಗೂ ಮೀರಿ ಬೆಳೆಯುತ್ತದೆ. ಅದರ ಮರಿ ಕಾಂಡ್ಲಾ ಬಿಟ್ಟರೆ ಬೇರೆಲ್ಲೂ ನಿಲ್ಲುವುದಿಲ್ಲ. ಕಾಂಡ್ಲಾ ಕಡಿದ ಕಡೆ, ಹವಳ ಅಲ್ಲೇ ಇದ್ದರೂ, ಅದು ಹೇಳಹೆಸರಿಲ್ಲದೆ ಹೋಯಿತು.

ಹೋದರೆ ಹೋಗಲಿ, ಒಂದು ಮೀನು ತಾನೇ ಎನ್ನುವಂತಿಲ್ಲ. ಜಮೈಕಾದಲ್ಲಿ ಪಾಚಿ ಮೇಯುವ ಮೀನನ್ನು ಹಿಡಿದು ಮೊದಲೇ ಬರಿದು ಮಾಡಿದ್ದರು. ಪಾಚಿ ಮೇಯಲು ಉಳಿದದ್ದು ಒಂದು ಜಾತಿಯ ಮುಳ್ಳಿನ ಕಡಲಪ್ರಾಣಿ. 1983ರಿಂದ ಅದಕ್ಕೂ ರೋಗ ಬಡಿದು ಕೆರಿಬಿಯನ್ ಉದ್ದಕ್ಕೂ ರಾಶಿ ರಾಶಿ ಸತ್ತಿತು. ಮೇಯುವವರೇ ಇಲ್ಲದೆ ಪಾಚಿ ಹವಳವನ್ನು ಮುಚ್ಚಿತು. 1970ರ ದಶಕದ ಕೊನೆಗೆ ಶೇಕಡ 52 ಇದ್ದ ಜೀವಂತ ಹವಳ 1990ರ ದಶಕದ ಆರಂಭಕ್ಕೆ ಶೇಕಡ 3. ಬೆಲೀಜ್ 2009ರಲ್ಲಿ ಗಿಳಿಮೀನು ಹಿಡಿಯುವುದನ್ನೇ ನಿಷೇಧಿಸಿದ್ದು ಈ ಭಯದಿಂದ. ಅದೇ ವರ್ಷ ಕಾಂಡ್ಲಾ ಕಡಿತ, ಕಟ್ಟಡಗಳ ಹಾವಳಿಯಿಂದಾಗಿ ಅಲ್ಲಿಯ ಹವಳಸಾಲು ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿತು. ಕಾಂಡ್ಲಾ ಕಾನೂನು ಬಿಗಿ ಮಾಡಿ, ಕಡಲಲ್ಲಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಿದ ಮೇಲೆ 2018ರಲ್ಲಿ ಹೊರಬಂತು.

ನೀವು ಈಗ ಕೇಳುವುದು ಗೊತ್ತು: ಅಲ್ಲಿಯದು ಅಲ್ಲಿಗೆ, ನಮ್ಮ ಹೊಳೆಗೆ ಎಂತ? ಕೇಳುವುದು ಸರಿಯೇ. ಇಲ್ಲಿ ಉಬ್ಬರ-ಇಳಿತದ ಅಂತರ ಒಂದು ಗೇಣು, ಒಂದೂವರೆ ಗೇಣು. ಬೇರು ಹಗಲೂ ರಾತ್ರಿ ನೀರಲ್ಲೇ ಇರುತ್ತದೆ, ಮರಿ ಬಂದರೆ ಅಲ್ಲೇ ಇದ್ದುಬಿಡಬಹುದು. ನಮ್ಮಲ್ಲಿ ಇಳಿತ ಬಂದರೆ ಬೇರೆಲ್ಲ ಬತ್ತಲೆ. ಮರಿಗಳು ತೋಡಿಗೆ ಇಳಿದು ಕಾದು, ಉಬ್ಬರದೊಡನೆ ಮತ್ತೆ ಹತ್ತಬೇಕು. ನೀವು ತೋಡಿನ ಬಾಯಿಗೆ ಬಲೆ ಕಟ್ಟುವುದೂ ಆ ಹೊತ್ತು ನೋಡಿಯೇ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2014ರಲ್ಲಿ ನೋಡಿದವರೂ ಇದನ್ನೇ ಹೇಳಿದರು: ಹವಳದ ಮೀನಿನ ಮರಿಗೆ ಕಾಂಡ್ಲಾ ಎಷ್ಟು ಉಪಯೋಗ ಎಂಬುದನ್ನು, ಸಾಗರ ಯಾವುದು ಎನ್ನುವುದಕ್ಕಿಂತ ಉಬ್ಬರ-ಇಳಿತದ ನಡೆ ಹೆಚ್ಚು ತೀರ್ಮಾನಿಸುತ್ತದೆ. ಅದಕ್ಕೇ ಕಾಂಡ್ಲಾ ಎಂದರೆ ಮೀನಿನ ತೊಟ್ಟಿಲು ಎಂದು ಫಲಕ ಬರೆಸಿ ಭಾಷಣ ಮಾಡುವವರನ್ನು ಕಂಡರೆ ನನಗೆ ಕಿರಿಕಿರಿ. ಬರೀ ಮರದಿಂದ ಏನೂ ಆಗುವುದಿಲ್ಲ. ತೋಡು ಬೇಕು, ಕೆಸರುಬಯಲು ಬೇಕು, ಅಳಿವೆಯ ಬಾಯಿ ತೆರೆದಿರಬೇಕು. ಖಾಲಿ ಕಂಡ ಕೆಸರಿನಲ್ಲೆಲ್ಲ ಸಸಿ ಚುಚ್ಚಿ ಫೋಟೊ ಹೊಡೆಸಿಕೊಳ್ಳುವವರಿಗಿಂತ, ಇದ್ದ ಹಳೆಯ ಕಾಂಡ್ಲಾದ ತೋಡಿಗೆ ಮಣ್ಣು ಬೀಳದಂತೆ ನೋಡಿಕೊಳ್ಳುವವರು ನನಗೆ ದೊಡ್ಡವರು.

ಅಂತರ ಮಾತ್ರ ಮೀನಿಗೆ ಅಡ್ಡಿಯಲ್ಲ. ಸೌದಿ ಅರೇಬಿಯಾದ ಕೆಂಪು ಸಮುದ್ರದಲ್ಲಿ ಕೆಂಬೇರಿಯದೇ ಕುಲದ ಒಂದು ಸಣ್ಣ ಮೀನಿನ ತಲೆಗಲ್ಲು ಪರೀಕ್ಷೆ ಮಾಡಿ 2012ರಲ್ಲಿ ಬರೆದದ್ದಿದೆ. ಮೀನಿನ ತಲೆಯೊಳಗೆ ಬಿಳಿ ಕಲ್ಲಿರುವುದು ನಿಮಗೆ ಗೊತ್ತು, ಮಕ್ಕಳಿಗೆ ಆಡಲು ಕೊಡುತ್ತಿದ್ದಿರಿ. ಅದು ದಿನಕ್ಕೊಂದು ಪದರ ಬೆಳೆಯುತ್ತದೆ, ಹಾಕಿದ ಪದರ ಮತ್ತೆ ಅಳಿಯುವುದಿಲ್ಲ. ನಡುವಿನ ಭಾಗ ಮರಿಯಾಗಿದ್ದಾಗಿನದು. ಆಗ ತಿಂದದ್ದು ಕಾಂಡ್ಲಾ ದಂಡೆಯದೋ ಹೊರಗಡಲಿನದೋ ಎಂಬ ಗುರುತು ಅದರಲ್ಲಿ ಇಂಗಾಲದ ರೂಪದಲ್ಲಿ ಉಳಿದಿರುತ್ತದೆ. ಹಾಗೆ ಓದಿದಾಗ, ದಂಡೆಯ ಜೌಗಿನಲ್ಲಿ ಬೆಳೆದ ಮರಿಗಳು ಆಳ ಕಡಲು ದಾಟಿ 30 ಕಿಲೋಮೀಟರಿಗೂ ಆಚೆಯ ಹವಳಕ್ಕೆ ಹೋಗಿ ನೆಲೆಸಿದ್ದು ತಿಳಿಯಿತು. ಶರಾವತಿಯ ಅಳಿವೆಯಿಂದ ಕಡಲ ನಡುವಿನ ನೇತ್ರಾಣಿ ಗುಡ್ಡಕ್ಕೂ ಸುಮಾರು ಅಷ್ಟೇ ದೂರ, ಮಾವ. ಮುರ್ಡೇಶ್ವರದಿಂದ ಇನ್ನೂ ಹತ್ತಿರ. ನೇತ್ರಾಣಿಯ ಸುತ್ತ ಹವಳ ಇದೆ, ಮುರು, ಕೆಂಬೇರಿ ಇದೆ, ಈಗ ಊರೂರಿನವರು ಹಣ ಕೊಟ್ಟು ಮುಳುಗಿ ನೋಡಿ ಬರುತ್ತಾರೆ. ನೋಡಿದ ಮೀನಿನ ಬಾಲ್ಯ ಯಾವ ಹೊಳೆಯದು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನನ್ನ ಹೊಟ್ಟೆಯೊಳಗಿನ ಸಂಕಟ ಇದೇ. ಕೆಂಬೇರಿ ಹೊಳೆಯಲ್ಲಿ ವರ್ಷಗಟ್ಟಲೆ ಇದ್ದು ಹೊರಗೆ ಹೋಗುವ ಮೀನು, ಹೋದ ಮೇಲೂ ಬಹಳ ಕಾಲ ಬದುಕುವ ಮೀನು. ಇವತ್ತು ಒಂದು ದಂಡೆಯ ಕಾಂಡ್ಲಾ ಕಡಿದರೆ ನಾಳೆ ಬೋಟಿನವರಿಗೆ ಏನೂ ಗೊತ್ತಾಗುವುದಿಲ್ಲ, ಗಾಳಕ್ಕೆ ಹಳೆಯ ದೊಡ್ಡ ಮೀನು ಬೀಳುತ್ತಲೇ ಇರುತ್ತದೆ. ಗೊತ್ತಾಗುವ ಹೊತ್ತಿಗೆ ಕಡಿದವರೂ ಕಡಿದ ಕಾರಣವೂ ಮರೆತುಹೋಗಿರುತ್ತದೆ. 1990ರ ದಶಕದಲ್ಲಿ ಕಾಂಡ್ಲಾ ಕಡಿದು ಚಟ್ಲಿ ಸಾಕುವ ಕೆರೆ ಮಾಡಿದ ಹುಚ್ಚು ನಿಮಗೆ ನೆನಪಿದೆಯಲ್ಲ, ಬಿಳಿಚುಕ್ಕೆ ರೋಗ ಬಂದು ಮಲಗಿಸಿದ್ದು, 1996ರಲ್ಲಿ ಸುಪ್ರೀಂ ಕೋರ್ಟು ಕಡಲದಂಡೆಯ ಅಂಥ ಕೆರೆಗಳನ್ನು ಕೆಡವಲು ಕಟ್ಟಪ್ಪಣೆ ಮಾಡಿದ್ದು. ಕೆರೆಯವರ ನಷ್ಟದ ಲೆಕ್ಕ ಬ್ಯಾಂಕಿನಲ್ಲಿತ್ತು. ಹೊರಗಡಲಿಗೆ ಹೋಗದ ಕೆಂಬೇರಿಯ ಲೆಕ್ಕ ಯಾರ ಪುಸ್ತಕದಲ್ಲೂ ಬರಲಿಲ್ಲ.

ಈಗ ಒಂದು ಕೆಲಸ ಹೇಳುತ್ತೇನೆ, ಬೇಸರ ಮಾಡಬೇಡಿ. ಊರಿಗೆ ಬಂದಾಗ ಕೆಂಬೇರಿಯ ತಲೆಗಲ್ಲು ಕೊಯ್ದು ನೋಡುವ ಆಸೆ ನನಗೆ. ನಿಮ್ಮ ಬಲೆಗೆ ಬಿದ್ದದ್ದರಿಂದಲೂ ನಿಮ್ಮ ದೋಸ್ತಿಯ ಗಾಳಕ್ಕೆ ಬಿದ್ದದ್ದರಿಂದಲೂ ಬೇಕು. ತಲೆ ಸೀಳಿ ಎರಡು ದೊಡ್ಡ ಕಲ್ಲು ತೆಗೆದು, ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಂದೊಂದು ಮೀನಿನದ್ದು ಒಂದೊಂದು ಕಾಗದದ ಪೊಟ್ಟಣದಲ್ಲಿಡಿ. ಮೇಲೆ ಹಿಡಿದ ಜಾಗ, ತಾರೀಕು, ಮೂತಿಯಿಂದ ಬಾಲದ ತನಕದ ಉದ್ದ ಬರೆಯಿರಿ. ಸಾರಿಗೆ ಹಾಕುವ ಮುಂಚೆಯೇ ತೆಗೆಯಬೇಕೆಂದು ಅತ್ತೆಗೆ ಒತ್ತಿ ಹೇಳಿ; ಅವರ ಕೈಯ ಹುಳಿ ತಾಗಿದರೆ ಕಲ್ಲಿನ ಮೇಲಿನ ಪದರ ಕರಗಿಹೋಗುತ್ತದೆ. ತಲೆ ಮಾತ್ರ ಅವರಿಗೇ ಇರಲಿ.

ನಿಮ್ಮ ಪ್ರೀತಿಯ ಸೊಸೆ